ಆಟದ ರೈಲಿಗೊಂದು ಋತು

ಹಳಿ, ಎಂಜಿನ್ನು, ಡಬ್ಬಿಗಳನ್ನು ಅಂಗಡಿಯಿಂದ ಕೊಂಡು ತರಬಹುದು. ಆದರೆ ಆ ಹಳಿಯ ಇಕ್ಕೆಲಗಳಲ್ಲಿ ಹರಡಬೇಕಾದ ನೆಲ, ಗಿಡಮರ, ಆಕಾಶಗಳಿಗೆ ಯಾವ ಮಾಸದ ವರ್ಣ, ದಿನದ ಯಾವ ಹೊತ್ತಿನ ಬೆಳಕು ಸಲ್ಲಬೇಕೆಂಬುದನ್ನು ಮಾದರಿ ರೈಲನ್ನು ಕಟ್ಟುವವರು ತಾವೇ ನಿಶ್ಚಯಿಸಬೇಕಾಗುತ್ತದೆ. ಈ ಹವ್ಯಾಸದಲ್ಲಿ ಬಹಳವಾಗಿ ಬಳಕೆಯಲ್ಲಿರುವ ಎಚ್‌ಓ ಅಳತೆಯಲ್ಲಿ ಪ್ರತಿಯೊಂದು ವಸ್ತುವೂ 87ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಿಳಿಸಿದರೂ 1507 ಮೀಟರ್ ಉದ್ದದ ಹುಬ್ಬಳ್ಳಿಯ ಪ್ಲ್ಯಾಟ್‌ಫಾರಂ 17 ಮೀಟರನ್ನು ಮೀರುವುದರಿಂದ, ಅದನ್ನು ಪಡಸಾಲೆಗೆ ತರುವ ಆಸೆಯನ್ನು ತೊರೆದು, ಊರಾಚೆಯ ಹೊಲದ ತುಣುಕೊಂದನ್ನು ಆರಿಸಿಕೊಳ್ಳುವುದೇ ವಿವೇಕ.

ಆ ತುಣುಕು ಯಾವ ದಿಕ್ಕಿನದೆಂದು ಗೊತ್ತಾಗದೆ ಋತು ಗೊತ್ತಾಗದು. ಧಾರವಾಡವನ್ನು ದಾಟಿ ಅಳ್ನಾವರ, ಲೋಂಡಾಗಳತ್ತ ಸಾಗುವ ಗಾಡಿ ಕೆಮ್ಮಣ್ಣು, ಭತ್ತದ ಗದ್ದೆ, ಕಾಡುಗಳ ನಡುವೆ ನುಗ್ಗಿದರೆ, ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಹೊರಟ ಗಾಡಿ ಅಣ್ಣಿಗೇರಿ ಸೀಮೆಯ ವಿಶಾಲವಾದ ಎರೆಬಯಲಿನಲ್ಲಿ ಓಡುತ್ತದೆ. ಆಷಾಢದ ಜಡಿಮಳೆಯಲ್ಲಿ ಅತ್ತ ನೆಲವೆಲ್ಲ ನೀರಾಡುವಾಗ, ಇತ್ತ ಒಕ್ಕಲಿಗ ಮೋಡ ನೋಡುತ್ತ ಕುಳಿತಿರುವುದುಂಟು.

ಹೊಸಬರು ಸಾಮಾನ್ಯವಾಗಿ ಶ್ರಾವಣದ ಹಸುರಿಗೆ ಮರುಳಾಗುತ್ತಾರೆ. ಹಸುರು ಕಣ್ಣಿಗೆ ಹಿತವೇ ಸರಿ. ಆದರೆ ಸರ್ವತ್ರ ಹಸುರು ಹೊದ್ದ ಹಲಗೆ ಯಾವ ದೇಶದ್ದಾದರೂ ಆಗಬಹುದು. ನಮ್ಮ ನೆಲದ ಗುರುತಿರುವುದು ಕರಿಮಣ್ಣಿನಲ್ಲಿ, ಮತ್ತು ಬೆಳೆ ದಟ್ಟವಾದೊಡನೆ ಮರೆಯಾಗುವುದೂ ಅದೇ. ಆದಕಾರಣ ನನ್ನ ಒಲವು ಚಿತ್ತಿ ಮಳೆಯ ದಿನಗಳ ಕಡೆಗೆ: ಹಿಂಗಾರಿ ಜೋಳ ಆಗತಾನೆ ಮೊಳೆತು ಕೂರಿಗೆಯ ಸಾಲಿನಲ್ಲಿ ನಿಂತಿರುತ್ತದೆ, ಸಾಲುಗಳ ನಡುವೆ ಎರೆ ಕಾಣುತ್ತದೆ. ಹೊಲದಲ್ಲಿ ಒಂದೂವರೆ ಅಡಿಯಿರುವ ಆ ಅಂತರ ಮೇಜಿನ ಮೇಲೆ 5 ಮಿಲಿಮೀಟರ್. ಎರೆಯೆಂದು ಅಪ್ಪಟ ಕಪ್ಪನ್ನು ಬಳಿದರೆ ಡಾಂಬರಿನಂತೆ ಕಾಣುವುದರಿಂದ, ಕೊಂಚ ಬೂದುಬಣ್ಣವನ್ನು ಬೆರೆಸತಕ್ಕದ್ದು. ಮಳೆ ತೊಳೆದ ಸಂಜೆಯ ಭಾವ ಬೇಕಿದ್ದರೆ ಹಳದಿ ದೀಪವೊಂದನ್ನು ಪಡುವಣದ ಬದಿಯಲ್ಲಿ ತಗ್ಗಾಗಿ ಇರಿಸಬೇಕು; ಹಿಂದಿನ ಪರದೆಯಲ್ಲಿ ಬರೆದ ಮರಗಳ ನೆರಳೂ ಮೂಡಣಕ್ಕೇ ಬೀಳಬೇಕು. ಅಲ್ಲಿ ಮುತ್ತುಗದ ಹೂವನ್ನು ಮಾತ್ರ ಬರೆಯಕೂಡದು. ಅದು ಶಿಶಿರ ಕಳೆಯುವಾಗ ಅರಳುವಂಥದು.

ಬೇಸಿಗೆಯನ್ನೇ ಮೆಚ್ಚುವವರಿಗೆ ಎರೆಮಣ್ಣು ತಾನಾಗಿ ನೆರವಾಗುತ್ತದೆ. ಜರಡಿ ಹಿಡಿದ ಮಣ್ಣನ್ನು ನೀರಿನಲ್ಲಿ ಕಲಸಿ ಹಲಗೆಗೆ ಬಳಿದು ಆರಲು ಬಿಟ್ಟರೆ, ನೀರು ಕುಡಿದು ಉಬ್ಬುವ, ಒಣಗಿ ಕುಗ್ಗುವ ತನ್ನ ಸ್ವಭಾವಕ್ಕನುಗುಣವಾಗಿ ಅದು ಬಿರಿಯುತ್ತದೆ. ಪದರ ತೆಳುವಾದಷ್ಟೂ ಬಿರುಕು ಸಣ್ಣದು. ಹೊಲದಲ್ಲಿ ನಾಲ್ಕು ಬೆರಳಗಲದ ಬಿರುಕು ಇಲ್ಲಿ 1 ಮಿಲಿಮೀಟರಿಗೂ ಕಡಿಮೆಯಾಗಬೇಕಾದ್ದರಿಂದ, ಬಳಿಯುವ ಕೈ ಹಗುರವಾಗಿರಬೇಕು.

ಇನ್ನು 1990ರ ದಶಕದಲ್ಲಿ ಬ್ರಾಡ್‌ಗೇಜ್ ಬರುವುದಕ್ಕೆ ಮುಂಚಿನ ಮೀಟರ್‌ಗೇಜ್ ಉಗಿಬಂಡಿಯನ್ನು ಓಡಿಸಬಯಸುವವರು ಪುಷ್ಯಮಾಸದ ಮುಂಜಾವನ್ನು ಆರಿಸಿಕೊಳ್ಳಬಹುದು. ತಣ್ಣನೆಯ ಗಾಳಿಯಲ್ಲಿ ಉಗಿ ದಟ್ಟವಾಗಿ ಬೆಳ್ಳಗೆ ಕಾಣುವುದರಿಂದ, ಚಿಮಣಿಗೆ ಸಿಕ್ಕಿಸಿದ ಅರಳೆ ಆಗ ಅಷ್ಟಾಗಿ ಅಸಹಜವೆನಿಸದು. ಆದರೆ ಅಷ್ಟರಲ್ಲಿ ಜೋಳ ಆಳೆತ್ತರ, ಎಂದರೆ ಮೇಜಿನ ಮೇಲೆ 2 ಸೆಂಟಿಮೀಟರ್, ಬೆಳೆದಿರುತ್ತದೆ; ದಂಟುಗಳನ್ನು ಒಂದೊಂದಾಗಿ ನೆಡುವಷ್ಟು ಬಿಡುವಿಲ್ಲದವರು ಆ ಹೊಲಕ್ಕೆ ಕಡಲೆಯನ್ನು ಬಿತ್ತಿಕೊಳ್ಳುವುದು ಲೇಸು.