ಕರದಂಟು ಎಲ್ಲರದು, ಅಂಗಡಿಯ ಹೆಸರು ನಮ್ಮದು

ಗೋಕಾಕ ಎಂದ ಕೂಡಲೇ ಜಲಪಾತದ ಜೊತೆಗೆ ನೆನಪಾಗುವುದು ಕರದಂಟು. ಊರಿನ ಹಲವು ಅಂಗಡಿಗಳು ಇದನ್ನು ಮಾರುತ್ತವೆ. ‘ಗೋಕಾಕ ಕರದಂಟು’ ಎಂಬ ಹೆಸರು ಹಾಗಾದರೆ ಯಾರದು? ವ್ಯವಹಾರ ಅಧ್ಯಯನ ತರಗತಿಯಲ್ಲಿ ಬ್ರ್ಯಾಂಡಿಂಗ್ ಪಾಠ ನಡೆದಾಗ ನನಗೆ ಈ ಪ್ರಶ್ನೆ ಎದ್ದಿತು. ಹುಡುಕಿ ತಿಳಿದುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ, ಏಕೆಂದರೆ ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಒಂದಲ್ಲ ಒಂದು ಸಣ್ಣ ವ್ಯಾಪಾರ ಇದೆ.

ಒಬ್ಬ ವ್ಯಾಪಾರಿಯ ಸರಕನ್ನು ಇನ್ನೊಬ್ಬರ ಸರಕಿನಿಂದ ಬೇರೆಯಾಗಿ ಗುರುತಿಸುವ ಹೆಸರು, ಚಿತ್ರ ಅಥವಾ ಲೇಬಲ್ಲೇ ಟ್ರೇಡ್‌ಮಾರ್ಕ್. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಕಲಮಿನಂತೆ, ಬರೀ ಊರನ್ನು ಅಥವಾ ಬರೀ ಪದಾರ್ಥವನ್ನು ಹೇಳುವ ಹೆಸರು ಸಾಮಾನ್ಯವಾಗಿ ಒಬ್ಬರಿಗೇ ಸಿಗುವುದಿಲ್ಲ. ಗೋಕಾಕ ಊರು, ಕರದಂಟು ತಿನಿಸು. ಅವುಗಳ ಜೊತೆಗೆ ಅಂಗಡಿಯವರು ಇಡುವ ಸ್ವಂತ ಹೆಸರನ್ನು ಮಾತ್ರ ಕಾಪಾಡಿಕೊಳ್ಳಬಹುದು. ಊರಿಗೆ ಅಂಟಿದ ಸರಕಿಗೆ ಭೌಗೋಳಿಕ ಸೂಚಿಕೆ ಎಂಬ ಬೇರೆಯೇ ವ್ಯವಸ್ಥೆ ಇದೆ. ಧಾರವಾಡ ಪೇಡೆಗೆ ಅದು ಸಿಕ್ಕಿದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕಾಗ ಮಹಾರಾಷ್ಟ್ರದ ಜಿಲ್ಲೆಗಳೊಂದಿಗೆ ನಮ್ಮ ಬೆಳಗಾವಿಯೂ ಸೇರಿತು.

ನಮ್ಮ ಚಾಚಾ ಹುಕ್ಕೇರಿಯಲ್ಲಿ ಮಸಾಲೆ ಖಾರದ ಪ್ಯಾಕೆಟ್ ಮಾರುತ್ತಾರೆ. ಒಂದೇ ಅಕ್ಷರ ಬದಲಿಸಿ, ಅದೇ ಬಣ್ಣದ ಪ್ಯಾಕೆಟನ್ನು ಬೇರೆಯವರು ಸಂತೆಗೆ ತಂದರು. ಗಿರಾಕಿಗಳು ಅದನ್ನೇ ಒಯ್ದು, ‘ಈ ಸಲ ಖಾರ ಸರಿಯಿಲ್ಲ’ ಎಂದು ಚಾಚಾನ ಮುಂದೆ ದೂರಿದರು. ‘ನಮ್ಮ ಹತ್ತಿರ ಲೈಸೆನ್ಸ್ ಐತಲ್ಲ’ ಎಂದರು ಚಾಚಾ. ಆದರೆ ಆಹಾರ ಪರವಾನಗಿ, ಜಿಎಸ್‌ಟಿ, ಅಂಗಡಿ ನೋಂದಣಿ ಇವು ಯಾವುವೂ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ. ಅದಕ್ಕೆ ಟ್ರೇಡ್‌ಮಾರ್ಕ್ ನೋಂದಣಿಯೇ ಬೇಕು.

ನೋಂದಣಿಯ ಹಂತಗಳು

1. ಐಪಿ ಇಂಡಿಯಾ ಜಾಲತಾಣದಲ್ಲಿ ಅದೇ ಹೆಸರು ಅಥವಾ ಅದರಂತೆ ಕೇಳಿಸುವ ಹೆಸರು ಮೊದಲೇ ಇದೆಯೇ ಎಂದು ಹುಡುಕಬೇಕು. ಇದಕ್ಕೆ ಶುಲ್ಕವಿಲ್ಲ.

2. ಸರಕಿನ ವರ್ಗ ಗುರುತಿಸಬೇಕು. ಒಟ್ಟು 45 ವರ್ಗಗಳಿವೆ. ಕರದಂಟು, ಮಸಾಲೆ, ಮೂಡಲಗಿಯ ಬೆಲ್ಲ 30ನೇ ವರ್ಗಕ್ಕೆ, ಸಿದ್ಧ ಉಡುಪು ಮತ್ತು ಚಪ್ಪಲಿ 25ನೇ ವರ್ಗಕ್ಕೆ ಸೇರುತ್ತವೆ.

3. ಟಿಎಂ-ಎ ನಮೂನೆಯಲ್ಲಿ ಅರ್ಜಿ ಹಾಕಬೇಕು. ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ ₹4,500. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ. ಹೆಸರನ್ನು ಈಗಾಗಲೇ ಬಳಸುತ್ತಿದ್ದರೆ ಯಾವಾಗಿನಿಂದ ಎಂದು ತಿಳಿಸಿ, ಅಫಿಡವಿಟ್ ಜೊತೆಗೆ ಹಳೆಯ ಬಿಲ್ಲು, ಜಾಹೀರಾತುಗಳಂಥ ಪುರಾವೆ ಕೊಡಬೇಕು.

4. ಪರೀಕ್ಷಕರು ಆಕ್ಷೇಪ ಎತ್ತಿದರೆ, ವರದಿ ತಲುಪಿದ 30 ದಿನಗಳೊಳಗೆ ಉತ್ತರ ಕೊಡಬೇಕು.

5. ಒಪ್ಪಿಗೆಯಾದ ಹೆಸರು ಟ್ರೇಡ್ ಮಾರ್ಕ್ಸ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. 4 ತಿಂಗಳೊಳಗೆ ಯಾರೂ ವಿರೋಧಿಸದಿದ್ದರೆ ನೋಂದಣಿಯಾಗುತ್ತದೆ. ಅರ್ಜಿ ಹಾಕಿದ ದಿನದಿಂದ 10 ವರ್ಷ ಅದು ಊರ್ಜಿತ. ಆಮೇಲೆ ನವೀಕರಿಸುತ್ತಾ ಹೋಗಬಹುದು.

ನೋಂದಣಿಯಾಗುವ ಮೊದಲು ಹೆಸರಿನ ಪಕ್ಕ ‘ಟಿಎಂ’ ಎಂದು ಹಾಕಬಹುದು. ವೃತ್ತದೊಳಗಿನ ‘ಆರ್’ ಗುರುತನ್ನು ನೋಂದಣಿಯ ನಂತರವೇ ಹಾಕಬೇಕು.

ಎರಡು ತೀರ್ಪುಗಳು

ಕರ್ನಾಟಕ ಹಾಲು ಮಹಾಮಂಡಳ 1985ರಿಂದ ‘ನಂದಿನಿ’ ಹೆಸರು ಬಳಸುತ್ತಿದೆ. ‘ನಂದಿನಿ ಡಿಲಕ್ಸ್’ ಹೋಟೆಲಿನವರು 1989ರಿಂದ ಹೆಚ್ಚುಕಡಿಮೆ ಅದೇ ಹೆಸರು ಬಳಸಿದರು. 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರವಾಗಿ ತೀರ್ಪು ಕೊಟ್ಟಿತು. ಸರಕುಗಳು ಬೇರೆ, ಗುರುತಿನ ಚಿತ್ರವೂ ಬೇರೆ, ಆದ್ದರಿಂದ ಗಿರಾಕಿ ಮೋಸಹೋಗುವುದಿಲ್ಲ ಎಂಬುದು ಕಾರಣ. ಆದರೆ ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಹೋಟೆಲಿನವರಿಗೆ ಆ ಹೆಸರು ಸಿಗಲಿಲ್ಲ.

ಇನ್ನೊಂದು, 2015ರ ‘ರಾಮಾಯಣ’ ಊದುಬತ್ತಿ ಪ್ರಕರಣ. ಕುರಾನ್, ಬೈಬಲ್, ರಾಮಾಯಣದಂಥ ಪವಿತ್ರ ಗ್ರಂಥಗಳ ಹೆಸರನ್ನು ಯಾರೂ ತಮ್ಮ ಸರಕಿನ ಟ್ರೇಡ್‌ಮಾರ್ಕ್ ಎಂದು ಹಕ್ಕು ಸಾಧಿಸುವಂತಿಲ್ಲ ಎಂದು ಅದೇ ನ್ಯಾಯಾಲಯ ಹೇಳಿತು. ಭಕ್ತಿಯಿಂದ ಹೆಸರಿಡುವ ನಮ್ಮ ಹಿರಿಯರು ಇದನ್ನು ತಿಳಿದಿರಬೇಕು.

ಕಾಪಾಡಿಕೊಳ್ಳುವುದು ಹೇಗೆ?

ನೋಂದಾಯಿತ ಹೆಸರನ್ನು ಯಾರಾದರೂ ನಕಲು ಮಾಡಿದರೆ ಮೊದಲು ವಕೀಲರ ಮೂಲಕ ನೋಟಿಸ್ ಕೊಡಬಹುದು. ಆಮೇಲೆ ನಾವು ವ್ಯಾಪಾರ ಮಾಡುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ನೋಂದಣಿ ಇಲ್ಲದವರಿಗೂ ದಾರಿ ಇದೆ, ಆದರೆ ತಮ್ಮ ಹೆಸರು ಜನರಲ್ಲಿ ಪ್ರಸಿದ್ಧವಾಗಿತ್ತು ಎಂದು ಅವರೇ ಸಾಬೀತು ಮಾಡಬೇಕು. ನೋಂದಾಯಿಸಿ 5 ವರ್ಷಕ್ಕೂ ಮೀರಿ ಬಳಸದೆ ಬಿಟ್ಟರೆ ಆ ಹೆಸರನ್ನು ತೆಗೆದುಹಾಕಲು ಬೇರೆಯವರು ಕೇಳಬಹುದು.

ಚಾಚಾನ ಅರ್ಜಿ ಈಗ ಪರೀಕ್ಷಕರ ಮುಂದಿದೆ. ಅದಕ್ಕೆ ಬಲ ಕೊಟ್ಟದ್ದು ಚಾಚಿ ಒಂದು ಡಬ್ಬಿಯಲ್ಲಿ ಕಟ್ಟಿಟ್ಟಿದ್ದ ಹಳೆಯ ಬಿಲ್ಲುಗಳು. ನಿಮ್ಮ ಮನೆಯಲ್ಲೂ ವ್ಯಾಪಾರವಿದ್ದರೆ, ಮೊದಲ ಲೇಬಲ್ಲು, ಮೊದಲ ಬಿಲ್ಲುಗಳನ್ನು ಇಂದೇ ಹುಡುಕಿ ಜೋಪಾನವಾಗಿಡಿ.