ನರ್ಸಿನ ನಟನೆ, ರೋಗಿಯ ಪ್ರೀತಿ

ಸಿನಿಮಾದ ನರ್ಸ್ ರೋಗಿಯ ತಲೆ ನೇವರಿಸುತ್ತಾ ಕೂರುತ್ತಾಳೆ. ರಾಯಚೂರಿನ ರಿಮ್ಸ್ ಆಸ್ಪತ್ರೆಯ ವಾರ್ಡಿನಲ್ಲಿ ಅಷ್ಟು ಪುರಸೊತ್ತೆಲ್ಲಿ? ದೇವದುರ್ಗದಿಂದ ರೊಟ್ಟಿ ಗಂಟು ಹಿಡಿದು ಬಂದವರು "ಸಿಸ್ಟರ್, ಸಲೈನ್ ಮುಗೀತು ನೋಡ್ರಿ" ಎನ್ನುವಷ್ಟರಲ್ಲಿ ಮಾನ್ವಿಯವರು ಇನ್ನೊಂದು ಮಂಚದಿಂದ ಕರೆದಿರುತ್ತಾರೆ.

ಆದರೂ ರೋಗಿಯನ್ನು ಪ್ರೀತಿಯಿಂದ ಗುಣಪಡಿಸುವ ನರ್ಸಿನ ಕಥೆಗೆ ಸೋಲದವರಿಲ್ಲ. 1959ರಲ್ಲಿ ಅಸಿತ್ ಸೇನ್ ಬಂಗಾಳಿಯಲ್ಲಿ ‘ದೀಪ್ ಜ್ವೇಲೆ ಜಾಯ್’ ತೆಗೆದರು. ಸುಚಿತ್ರಾ ಸೇನ್ ಅದರ ನರ್ಸ್. ಹತ್ತು ವರ್ಷದ ಮೇಲೆ ಅಸಿತ್ ಸೇನ್ ಅವರೇ ಅದನ್ನು ಹಿಂದಿಯಲ್ಲಿ ‘ಖಾಮೋಶಿ’ ಮಾಡಿದರು. ವಹೀದಾ ರೆಹಮಾನ್ ನಟಿಸಿದ ರಾಧಾ, ಪ್ರೇಮಭಂಗದಿಂದ ಕಂಗೆಟ್ಟವರನ್ನು ಪ್ರೀತಿಯ ನಟನೆಯಿಂದಲೇ ಗುಣಪಡಿಸಬೇಕು. ಅವಳು ನಿಜಕ್ಕೂ ಮನಸೋತ ಒಬ್ಬ ಗುಣವಾಗಿ ಬೇರೆಯವಳನ್ನು ಮದುವೆಯಾಗುತ್ತಾನೆ. ಆ ಗಾಯ ಮಾಯುವ ಮೊದಲೇ ವೈದ್ಯರು ರಾಜೇಶ್ ಖನ್ನಾ ನಟಿಸಿದ ಅರುಣನನ್ನು ಅವಳಿಗೆ ಒಪ್ಪಿಸುತ್ತಾರೆ. ಅವನು ಚೇತರಿಸಿಕೊಂಡ ಹೊತ್ತಿಗೆ ಬುದ್ಧಿ ಕಲಕಿದ್ದು ರಾಧಾಳದು. ತಪ್ಪು ಅವಳದಲ್ಲ, ಆ ಚಿಕಿತ್ಸೆಯದು.

ತ್ರಿವೇಣಿ ಕಾದಂಬರಿ ಆಧರಿಸಿದ ಪುಟ್ಟಣ್ಣ ಕಣಗಾಲರ ‘ಶರಪಂಜರ’ (1971) ಇನ್ನೂ ನಿಷ್ಠುರ. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರೇ ಹುಚ್ಚಿಯೆಂಬಂತೆ ನೋಡುತ್ತಾರೆ.

ನಿಜದ ಆರೈಕೆಯಲ್ಲಿ ನಾಟಕವಿಲ್ಲ. 1980ರ ದಶಕದಲ್ಲಿ ನೆರೆಯ ಬಳ್ಳಾರಿಯಲ್ಲಿ ನಿಮ್ಹಾನ್ಸ್, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ತಮ್ಮವರನ್ನು ಕಳೆದುಕೊಂಡು ಊಟ, ನಿದ್ದೆ ಬಿಟ್ಟವರು ಮನೆಯಲ್ಲಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸಹಾಯವಾಣಿ ಉಚಿತ. ಹಗಲು ರಾತ್ರಿ, ಕನ್ನಡದಲ್ಲೂ ಸಿಗುತ್ತದೆ.