ಛಾವಣಿ ಏರುವ ಮುನ್ನ

ರೋಹಿಣಿ ಮಳೆ ಸಮೀಪಿಸಿತೆಂದರೆ ಧಾರವಾಡದ ಓಣಿಗಳಲ್ಲಿ ನಿಚ್ಚಣಿಕೆಗಳು ಹೊರಬೀಳುತ್ತವೆ. ಮಾಳಮಡ್ಡಿಯಂಥ ಹಳೆಯ ಬಡಾವಣೆಗಳ ಹಂಚಿನ ಮನೆಗಳ ಮೇಲೆ ಮಂಗಗಳು ವರ್ಷವಿಡೀ ನಡೆಸಿದ ಓಡಾಟದ ಲೆಕ್ಕ ಆಗ ಬಯಲಿಗೆ ಬರುತ್ತದೆ. ಸರಿದ ಹಂಚನ್ನು ಸರಿಪಡಿಸಬೇಕು, ಒಡೆದುದನ್ನು ಬದಲಿಸಬೇಕು. ಮನೆಯ ಯಜಮಾನನು ಧೋತರವನ್ನು ಎತ್ತಿ ಕಟ್ಟಿ, ನೆರೆಮನೆಯಿಂದ ತಂದ ನಿಚ್ಚಣಿಕೆಯನ್ನು ಗೋಡೆಗೆ ಆನಿಸಿ ಏರಿಬಿಡುತ್ತಾನೆ. ಐದು ನಿಮಿಷದ ಕೆಲಸವಷ್ಟೆ! ಮಂಗಗಳು ಕುಣಿದಾಡಿದರೂ ತಾಳಿದ ಛಾವಣಿ ತನ್ನನ್ನು ತಾಳದೆ ಎಂಬುದು ಅವನ ತರ್ಕ.

ಈ ತರ್ಕದಲ್ಲಿ ಒಂದು ದೋಷವುಂಟು. ಐದಾರು ಕಿಲೋಗ್ರಾಂ ತೂಗುವ ಕೋತಿಯು ತನ್ನ ಭಾರವನ್ನು ನಾಲ್ಕು ಕೈಕಾಲುಗಳಿಗೆ ಹಂಚಿ ನಡೆಯುತ್ತದೆ. 65 ಕಿಲೋಗ್ರಾಂ ತೂಗುವ ಮನುಷ್ಯನಾದರೋ ಹೆಜ್ಜೆ ಕಿತ್ತಿಡುವಾಗ ತನ್ನ ಇಡೀ ಭಾರವನ್ನು ಒಂದೇ ಪಾದದ ಮೇಲೆ ಹೊರಿಸುತ್ತಾನೆ. ಮೇಲಾಗಿ, ಮೆಲ್ಲನೆ ಇಟ್ಟ ಭಾರಕ್ಕಿಂತ ತಟ್ಟನೆ ಬಿದ್ದ ಅದೇ ಭಾರವು ಇಮ್ಮಡಿ ಪರಿಣಾಮವನ್ನುಂಟುಮಾಡುವುದೆಂದು ಯಂತ್ರಶಾಸ್ತ್ರ ತೋರಿಸಿಕೊಟ್ಟಿದೆ. ಎಡವಿ ಇಟ್ಟ ಹೆಜ್ಜೆಯ ಕೆಳಗಿರುವ ಹಂಚಿಗೆ ಮನುಷ್ಯನ ತೂಕವು 130 ಕಿಲೋಗ್ರಾಂ ಆಗಿ ತೋರಬಹುದು.

ಬಿದ್ದರೆ ಏನಾದೀತು? ಸಾಮಾನ್ಯ ಮನೆಯ ಸೂರು ನೆಲದಿಂದ ಸುಮಾರು 3 ಮೀಟರು ಎತ್ತರದಲ್ಲಿರುತ್ತದೆ. ಅಲ್ಲಿಂದ ಜಾರಿದವನು 0.8 ಸೆಕೆಂಡಿನೊಳಗೆ ನೆಲ ಮುಟ್ಟುತ್ತಾನೆ. ಆ ಗಳಿಗೆಯಲ್ಲಿ ಅವನ ವೇಗ ಗಂಟೆಗೆ 28 ಕಿಲೋಮೀಟರು. ಜಾರಿದೆನೆಂದು ಮಿದುಳು ಅರಿತು ಕೈ ಚಾಚುವುದಕ್ಕೆ ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ದೇಹವು 30 ಸೆಂಟಿಮೀಟರು ಇಳಿದು, ಸೆಕೆಂಡಿಗೆ ಎರಡೂವರೆ ಮೀಟರು ವೇಗವನ್ನು ಗಳಿಸಿರುತ್ತದೆ. ‘ಬಿದ್ದರೂ ಏನಾದರೊಂದನ್ನು ಹಿಡಿದುಕೊಂಡೇನು’ ಎಂಬ ಧೈರ್ಯಕ್ಕೆ ಗುರುತ್ವಾಕರ್ಷಣೆಯು ಸಮಯವನ್ನೇ ಕೊಡುವುದಿಲ್ಲ. ಆದುದರಿಂದ ಅಪಾಯದ ಅಳತೆಯೆಲ್ಲ ಕಾಲು ಇನ್ನೂ ನೆಲದ ಮೇಲಿರುವಾಗಲೇ ಮುಗಿಯತಕ್ಕದ್ದು.

ಮೊದಲು ಅಳೆಯಬೇಕಾದುದು ಛಾವಣಿಯ ಜಾತಿಯನ್ನು. ಧಾರವಾಡ ಜಿಲ್ಲೆಯ ಛಾವಣಿಗಳಲ್ಲಿ ಅದರ ಭೂಗೋಳವೇ ಮೂಡಿದೆ. ಪಶ್ಚಿಮಕ್ಕೆ, ಕಲಘಟಗಿಯ ಕಡೆಗೆ, ಮಲೆನಾಡಿನ ಮಳೆ ಬೀಳುವುದರಿಂದ ಇಳಿಜಾರಾದ ಹಂಚಿನ ಮನೆಗಳು. ಪೂರ್ವಕ್ಕೆ, ನವಲಗುಂದದ ಎರೆನಾಡಿನಲ್ಲಿ, ಸಮತಟ್ಟಾದ ಮಣ್ಣಿನ ಮಾಳಿಗೆಗಳು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹಂಚು ಮಳೆಯನ್ನು ಹೊರಲು ಹುಟ್ಟಿದ್ದೇ ಹೊರತು ಮನುಷ್ಯನನ್ನು ಹೊರಲು ಅಲ್ಲ. ಅದರ ಕೆಳಗಿನ ರೀಪುಗಳು ಗೆದ್ದಲು ತಿಂದು ಟೊಳ್ಳಾಗಿದ್ದರೂ ಹೊರಗಿನಿಂದ ಸುಳಿವು ಸಿಗುವುದಿಲ್ಲ. ಮಣ್ಣಿನ ಮಾಳಿಗೆಯ ರೀತಿಯೇ ಬೇರೆ. ಒಂದಡಿ ದಪ್ಪನೆಯ ಮಣ್ಣು ಒಂದು ಚದರ ಮೀಟರಿಗೆ ಅರ್ಧ ಟನ್ನಿನಷ್ಟು ತೂಗುತ್ತದೆ. ನೀರುಂಡರೆ ಇನ್ನೂ ಹೆಚ್ಚು. 2019ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದಾದ್ಯಂತ ಮಣ್ಣಿನ ಮನೆಗಳು ಸಾವಿರಗಟ್ಟಲೆ ಕುಸಿದುದನ್ನು ವಾಚಕರು ಮರೆತಿರಲಾರರು. ನೆನೆದ ಮಾಳಿಗೆ ಸೋರುತ್ತಿದೆಯೆಂದು ಅದರ ಮೇಲೆ ಮತ್ತಷ್ಟು ಮಣ್ಣು ಹೊತ್ತು ಏರುವವನು, ಬಳಲಿದ ಜಂತಿಗಳ ಮೇಲೆ ಕೊನೆಯ ಹೊರೆಯನ್ನು ಹೊರಿಸುತ್ತಿರಬಹುದು. ಒಳಗಿನಿಂದ ಜಂತಿ, ತೊಲೆಗಳನ್ನು ನೋಡದೆ ಹೊರಗಿನಿಂದ ಏರುವುದು ಎರಡು ಬಗೆಯ ಛಾವಣಿಗಳಲ್ಲಿಯೂ ಕುರುಡು ಸಾಹಸವೇ.

ಆದರೆ ಅತ್ಯಂತ ಮೋಸಗಾರ ಛಾವಣಿ ಯಾವುದೆಂದು ಕೇಳಿದರೆ, ನಾನು ಹಂಚನ್ನಾಗಲಿ ಮಣ್ಣನ್ನಾಗಲಿ ಹೆಸರಿಸುವುದಿಲ್ಲ. ದನದ ಕೊಟ್ಟಿಗೆಯಿಂದ ಹಿಡಿದು ಗೋಕುಲ ರಸ್ತೆ, ತಾರಿಹಾಳ, ಬೇಲೂರುಗಳ ಕೈಗಾರಿಕಾ ಶೆಡ್ಡುಗಳವರೆಗೆ ಹಬ್ಬಿರುವ ಅಲೆಯಲೆಯಾದ ಸಿಮೆಂಟ್ ಶೀಟು ಅದು. ಹಂಚು ನೋಡುವುದಕ್ಕೇ ನಾಜೂಕು. ಕಾಲಿಡುವವನು ಅಂಜಿಯೇ ಇಡುತ್ತಾನೆ. ಶೀಟಾದರೋ ಕಲ್ಲಿನ ಬಣ್ಣದ್ದು, ಅಗಲವಾದದ್ದು, ಗಟ್ಟಿಯೆಂಬ ಭ್ರಮೆ ಹುಟ್ಟಿಸುವಂಥದ್ದು. ಅದರ ದಪ್ಪ ಸುಮಾರು 6 ಮಿಲಿಮೀಟರು ಮಾತ್ರ.

ಕಬ್ಬಿಣದ ತಗಡು ಮುರಿಯುವ ಮೊದಲು ಬಾಗುತ್ತದೆ; ಬಾಗುವಾಗ ಕಿರುಗುಟ್ಟಿ ಎಚ್ಚರಿಸುತ್ತದೆ. ಸಿಮೆಂಟ್ ಶೀಟು ಪೆಡಸು. ಅದರಲ್ಲಿ ಹುಟ್ಟಿದ ಬಿರುಕು ಕ್ಷಣಾರ್ಧದಲ್ಲಿ ಆಚೆ ಅಂಚಿಗೆ ಓಡುತ್ತದೆ, ಮುನ್ಸೂಚನೆಯೆಂಬುದಿಲ್ಲ. ಹತ್ತು ಹೆಜ್ಜೆ ತಾಳಿದ ಶೀಟು ಹನ್ನೊಂದನೆಯದಕ್ಕೆ ಬಾಯಿ ತೆರೆಯಬಹುದು. ಹಳತಾದಂತೆ, ಹಾವಸೆ ಬೆಳೆದಂತೆ, ಮೊಳೆಯ ತೂತುಗಳ ಸುತ್ತ ಕೂದಲೆಳೆಯ ಬಿರುಕುಗಳು ಬಿಟ್ಟಂತೆ ಅದರ ಬಲ ಕುಂದುತ್ತದೆ. ಬೆಳಕಿಗೆಂದು ನಡುನಡುವೆ ಕೂರಿಸಿದ ಪ್ಲಾಸ್ಟಿಕ್ ಹಾಳೆಗಳು ಇನ್ನೂ ಅಪಾಯಕರ. ಬಿಸಿಲಿಗೆ ಪೆಡಸಾದ ಅವು ಧೂಳು ಕವಿದು ನೆರೆಯ ಶೀಟುಗಳ ಬಣ್ಣವನ್ನೇ ತಾಳಿರುತ್ತವೆ.

ಅನುಭವಿಗಳಲ್ಲಿ ಒಂದು ನಂಬಿಕೆಯುಂಟು: ಬೋಲ್ಟುಗಳ ಸಾಲನ್ನೇ ಹಿಡಿದು ನಡೆದರೆ ಕೆಳಗಿನ ಅಡ್ಡತೊಲೆಯು ಆಧಾರ ಕೊಡುತ್ತದೆ ಎಂದು. ಇದು ಅರ್ಧಸತ್ಯ, ಆದುದರಿಂದಲೇ ಅಪಾಯಕರ. ಅಂಗೈಯಗಲದ ತೊಲೆಯ ಮೇಲೆ, ಕೈಯಲ್ಲಿ ಹೊರೆ ಹಿಡಿದು, ಗಾಳಿಗೆ ಎದುರಾಗಿ, ಒಂದು ಹೆಜ್ಜೆಯೂ ತಪ್ಪದಂತೆ ನಡೆಯುವುದು ದೊಂಬರ ವಿದ್ಯೆ. ಮೂರು ನಾಲ್ಕು ಅಡ್ಡತೊಲೆಗಳನ್ನು ದಾಟುವಷ್ಟು ಉದ್ದನೆಯ, ಜಾರದಂತೆ ಬಿಗಿದ ಹಲಗೆಗಳನ್ನು ಹಾಸಿ ಅವುಗಳ ಮೇಲಷ್ಟೆ ಸಾಗುವುದು ಸರಿಯಾದ ಕ್ರಮ. ಆಗ ಭಾರವು ಶೀಟನ್ನು ಬಿಟ್ಟು ತೊಲೆಗಳಿಗೆ ಸೇರುತ್ತದೆ. ಹಳೆಯ ಶೀಟುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುವುದರಿಂದ ಅವನ್ನು ಒಡೆದು ಪುಡಿಗಟ್ಟಲೂಬಾರದು. ಉಸಿರಿನೊಡನೆ ಒಳಸೇರುವ ಆ ನಾರು ಶ್ವಾಸಕೋಶಕ್ಕೆ ವಿಷಪ್ರಾಯ.

ಏರುವ ಸಾಧನದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ನಿಚ್ಚಣಿಕೆಯ ತುದಿ 4 ಮೀಟರು ಎತ್ತರದಲ್ಲಿ ಆನಿದರೆ ಬುಡವು ಗೋಡೆಯಿಂದ 1 ಮೀಟರು ದೂರವಿರಲಿ. ಬುಡ ಅದಕ್ಕಿಂತ ಹೊರಗಿದ್ದರೆ ಜಾರುತ್ತದೆ, ತೀರ ಒಳಗಿದ್ದರೆ ಹತ್ತುವವನು ಹಿಂದಕ್ಕೆ ವಾಲುತ್ತಾನೆ. ತುದಿಯು ಸೂರಿಗಿಂತ ಒಂದು ಮೀಟರು ಮೇಲೆ ಚಾಚಿರಬೇಕು, ಹಗ್ಗದಿಂದ ಬಿಗಿದಿರಬೇಕು. ನಿಚ್ಚಣಿಕೆಯಿಂದ ಛಾವಣಿಗೆ ದಾಟುವ ಆ ಒಂದು ಹೆಜ್ಜೆಯಲ್ಲಿ ಹಿಡಿದುಕೊಳ್ಳಲು ಏನಾದರೂ ಬೇಕಷ್ಟೆ.

ಕಾಂಕ್ರೀಟಿನ ತಾರಸಿಯುಳ್ಳವರು ಇಷ್ಟನ್ನೋದಿ ನಿಶ್ಚಿಂತರಾಗಬೇಕಾಗಿಲ್ಲ. ತಾರಸಿ ಮುರಿಯದಿರಬಹುದು, ಅದರ ಅಂಚು ಕಾದಿರುತ್ತದೆ. ನಿಂತ ಮನುಷ್ಯನ ಭಾರಕೇಂದ್ರವು ನೆಲದಿಂದ ಸುಮಾರು 90 ಸೆಂಟಿಮೀಟರು ಮೇಲಿದೆ. ಮೊಳಕಾಲೆತ್ತರದ ಪ್ಯಾರಾಪೆಟ್ ಗೋಡೆಯು ಅವನನ್ನು ತಡೆಯುವುದಿಲ್ಲ. ಕಾಲನ್ನಷ್ಟೆ ತಡೆದು ದೇಹವನ್ನು ಆಚೆಗೆ ಮಗುಚುತ್ತದೆ.

ವಿದ್ಯುತ್ತಿನ ತಂತಿ ಇನ್ನೊಂದು ಕಂಟಕ. ನಿಯಮದ ಮೇರೆಗೆ 11,000 ವೋಲ್ಟಿನ ತಂತಿಯು ಛಾವಣಿಯಿಂದ 3.7 ಮೀಟರು ಮೇಲೂ ಪಕ್ಕದಲ್ಲಿ 1.2 ಮೀಟರು ದೂರವೂ ಇರಬೇಕು. ಅಂಗಡಿಯಿಂದ ಬರುವ ಕಬ್ಬಿಣದ ಕೊಳವೆಯ ಉದ್ದವೋ 6 ಮೀಟರು! ನಿಯಮಬದ್ಧವಾದ ತಂತಿಯ ಕೆಳಗೆ ನಿಂತು ಅದನ್ನು ನೆಟ್ಟಗೆ ಎತ್ತಿದರೂ ಅನಾಹುತವೇ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ಮನೆಗಳಿಗೆ ಸೌರವಿದ್ಯುತ್ತಿನ ಯೋಜನೆಯನ್ನು ಆರಂಭಿಸಿದ ಮೇಲೆ ತಾರಸಿಯ ಕೆಲಸಗಾರರ ಸಂಖ್ಯೆ ಹೆಚ್ಚಲೇಬೇಕಾಗಿದೆ. ಎರಡು ಚದರ ಮೀಟರಿನ ಸೌರಫಲಕವನ್ನು ಗಂಟೆಗೆ 40 ಕಿಲೋಮೀಟರು ವೇಗದ ಗಾಳಿಗೆ ಎದುರಾಗಿ ಹಿಡಿದವನನ್ನು, ಆ ಗಾಳಿಯು 15 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ನೂಕುತ್ತದೆ. ಬಿಸಿಲಿರುವ ತನಕ ಆ ಫಲಕವು ವಿದ್ಯುತ್ತನ್ನು ಹುಟ್ಟಿಸುವುದನ್ನು ನಿಲ್ಲಿಸುವುದೂ ಇಲ್ಲ.

‘ಸೊಂಟಕ್ಕೆ ಹಗ್ಗ ಕಟ್ಟಿಕೊಂಡರೆ ಸಾಲದೆ?’ ಎಂದು ಕೇಳುವವರುಂಟು. ಲೆಕ್ಕ ಹಾಕೋಣ. 2 ಮೀಟರು ಬಿದ್ದವನನ್ನು ಹಗ್ಗವು 20 ಸೆಂಟಿಮೀಟರಿನೊಳಗೆ ತಡೆದು ನಿಲ್ಲಿಸಿದರೆ ಆ ಜಗ್ಗು ಅವನ ತೂಕದ 11 ಪಟ್ಟಾಗುತ್ತದೆ. ಅಂದರೆ 700 ಕಿಲೋಗ್ರಾಮಿಗೂ ಹೆಚ್ಚು. ಅಷ್ಟೂ ಸೊಂಟದ ಮೇಲೆ ಬಿದ್ದರೆ ಬೆನ್ನೆಲುಬು ಉಳಿಯುವುದು ಕಷ್ಟ. ತೊಡೆ, ಭುಜಗಳಿಗೆ ಜಗ್ಗನ್ನು ಹಂಚುವ ಪೂರ್ಣದೇಹದ ಪಟ್ಟಿ, ಜಗ್ಗನ್ನು ಮೆತ್ತಗಾಗಿಸುವ ಸಾಧನ, ಅದನ್ನು ತಾಳುವ ಗಟ್ಟಿ ಗೂಟ, ಈ ಮೂರೂ ಬೇಕು. ನೀರಿನ ತೊಟ್ಟಿಯ ಕೊಳವೆಯು ಗೂಟವಲ್ಲ.

ಎತ್ತರದ ಕೆಲಸದ ಬಗ್ಗೆ ಬ್ರಿಟನ್ನಿನಲ್ಲಿ 2005ರಲ್ಲಿ ಮಾಡಿದ ನಿಯಮಗಳ ಕ್ರಮ ನನಗೆ ಬಹಳ ಹಿಡಿಸಿದೆ. ಪಟ್ಟಿ, ಹಗ್ಗಗಳ ಮಾತು ಅದರಲ್ಲಿ ಕಡೆಗೆ ಬರುತ್ತದೆ. ಬೀಳದಂತೆ ಕಟಕಟೆ, ಅಟ್ಟಣಿಗೆಗಳನ್ನು ಕಟ್ಟುವುದು ಅದಕ್ಕಿಂತ ಮೊದಲು. ಎಲ್ಲಕ್ಕೂ ಮೊದಲ ಪ್ರಶ್ನೆ: ಏರದೆಯೇ ಈ ಕೆಲಸ ಆಗದೆ? ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆಯ 32ನೆಯ ಕಲಮು ಎತ್ತರದ ಕೆಲಸಗಾರನಿಗೆ ರಕ್ಷಣೆ ಒದಗಿಸಬೇಕೆಂದು ವಿಧಿಸಿತ್ತು. ಆದರೆ ಮನೆಯ ಯಜಮಾನನು ತನ್ನ ಕೊಟ್ಟಿಗೆಯನ್ನು ಏರುವಾಗ ಯಾವ ಇನ್‌ಸ್ಪೆಕ್ಟರನೂ ಬಂದು ನೋಡುವುದಿಲ್ಲ.

ಆ ಕೊಟ್ಟಿಗೆಯ ಶೀಟೊಂದು ಸೋರುತ್ತಿದೆಯೆನ್ನಿ. ಮೊದಲು ಒಳಗೆ ನಿಂತು ಬೆಳಕು ತೂರುವ ಬಿರುಕನ್ನು ಗುರುತಿಸಿ, ಅಡ್ಡತೊಲೆಗಳ ಅಂತರವನ್ನು ಅಳೆಯಬೇಕು. ದನಗಳನ್ನು ಹೊರಗೆ ಕಟ್ಟಿ, ನೆಲದಿಂದಲೇ ಒಂದು ಅಟ್ಟಣಿಗೆಯನ್ನು ನಿಲ್ಲಿಸಿದರೆ ಬಿರುಕಿಗೆ ಕೆಳಗಿನಿಂದಲೇ ತೇಪೆ ಹಾಕಬಹುದು. ಶೀಟನ್ನೇ ಬದಲಿಸುವುದಿದ್ದರೆ, ಗಾಳಿಯಿಲ್ಲದ ಒಣ ಮುಂಜಾನೆಯಲ್ಲಿ ಹಲಗೆ ಹಾಸಿ ಕೆಲಸ ಬಲ್ಲವರು ಇಬ್ಬರು ಏರಲಿ. ಕೆಳಗೆ ಮಕ್ಕಳು ಸುಳಿಯದಂತೆ ಒಬ್ಬರು ನಿಂತಿರಲಿ. ಮೃಗಶಿರಾ ಮಳೆ ಹಿಡಿಯುವುದರೊಳಗೆ ಇದು ಆಗದಿದ್ದರೆ, ಸೋರುವ ಜಾಗದಲ್ಲಿ ಒಂದು ಕೊಡವನ್ನಿಟ್ಟು ಬಿಸಿಲಿಗಾಗಿ ಕಾಯಬಹುದು.